ಅಟ್ಟದ ಮೇಲಿನ ಫ್ಲಾಪಿಗಳು

ಕಳೆದ ಬೇಸಿಗೆಯಲ್ಲಿ ನಿಟ್ಟೂರಿನ ನಮ್ಮ ಹಳೆಯ ಮನೆಯ ಹೆಂಚು ಬದಲಿಸಬೇಕಾಗಿ ಬಂತು. ಅದಕ್ಕೆ ಮೊದಲು ಅಟ್ಟವನ್ನು ಖಾಲಿ ಮಾಡಬೇಕಿತ್ತು. ನಮ್ಮ ಸೀಮೆಯಲ್ಲಿ ಅಟ್ಟವೆಂದರೆ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುವ ಜಾಗ. ಮನೆಯವರು ಊರು ಬಿಟ್ಟ ಮೇಲೆ ಅದು ಬೇಡವಾದ ವಸ್ತುಗಳ ಜಾಗವೂ ಆಗುತ್ತದೆ. ಮುರಿದ ತೊಟ್ಟಿಲು, ತೂತು ಬಿದ್ದ ಹಂಡೆಗಳ ಹಿಂದೆ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಣಕಯಂತ್ರವಿತ್ತು. 2001ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಜೋಡಿಸಿಕೊಂಡು, ಅರಸೀಕೆರೆ ಕಡೆಯ ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನೇ ತಂದದ್ದು. ಅದರ ಪಕ್ಕದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ, ಡಬ್ಬಿಯೊಳಗೆ ಹನ್ನೊಂದು ಫ್ಲಾಪಿಗಳು.

ನನ್ನ ವಯಸ್ಸಿನವರಿಗೆ ಇಂಥ ವಸ್ತು ಕೈಗೆ ಸಿಕ್ಕರೆ ನೆನಪುಗಳು ತಾನೇ ತಾನಾಗಿ ಬರುತ್ತವೆ. ಗಣಕಯಂತ್ರವಿದ್ದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕೆಂಬ ನಿಯಮವಿತ್ತು. ಕರೆಂಟು ಹೋದ ಕೂಡಲೇ ಕೆಳಗಿನ ಯುಪಿಎಸ್ ಕಿರುಚಿಕೊಳ್ಳುತ್ತಿತ್ತು. ಅಂತರ್ಜಾಲ ಬೇಕಾದರೆ ಬಸ್ಸು ಹತ್ತಿ ಗುಬ್ಬಿ ದಾಟಿ ತುಮಕೂರಿನ ಸೈಬರ್ ಕೇಂದ್ರಕ್ಕೆ ಹೋಗಬೇಕು. ಗಂಟೆಗಿಷ್ಟು ಎಂದು ಹಣ ತೆತ್ತು ಕುಳಿತರೆ ಅರ್ಧ ಸಮಯ ಪುಟ ತೆರೆದುಕೊಳ್ಳುವುದಕ್ಕೇ ಕಳೆಯುತ್ತಿತ್ತು. ಮೋಡೆಮಿನ ಕೀರಲು ದನಿ, ಹಾಟ್‌ಮೇಲ್‌ನಲ್ಲಿ ಮೊದಲ ಮಿಂಚೆ, ಆ ಹಾಟ್‌ಮೇಲನ್ನು 1996ರಲ್ಲಿ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬ ನಮ್ಮ ಬೆಂಗಳೂರಿನಲ್ಲಿ ಶಾಲೆ ಕಲಿತ ಹುಡುಗ ಎಂಬ ಹೆಮ್ಮೆ, ಇವೆಲ್ಲವನ್ನೂ ತಮ್ಮನ ಮಗಳಿಗೆ ವಿವರಿಸುತ್ತಾ ನಾನು ಮೈಮರೆತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವಳು ಡಬ್ಬಿಯತ್ತ ಬೆರಳು ಮಾಡಿ, ‘ದೊಡ್ಡಪ್ಪ, ಅದು ಸರಿ, ಇದರಲ್ಲಿ ತಾತ ಏನು ಬರೆದಿಟ್ಟಿದ್ದಾರೆ?’ ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ನಿವೃತ್ತ ಶಿಕ್ಷಕರಾಗಿದ್ದ ನಮ್ಮ ತಂದೆಯವರು ಅರವತ್ತು ದಾಟಿದ ಮೇಲೆ ಎರಡೇ ಬೆರಳಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿತರು. ಸುತ್ತಲ ಹಳ್ಳಿಗಳಿಗೆ ಹೋಗಿ ಅಜ್ಜಿಯಂದಿರಿಂದ ಸೋಬಾನೆ ಪದ, ರಾಗಿ ಬೀಸುವ ಪದ, ಒಗಟುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದರು. ರಾತ್ರಿ ಕುಳಿತು ಯಂತ್ರಕ್ಕೆ ಇಳಿಸುತ್ತಿದ್ದರು. ಯಂತ್ರಕ್ಕೆ ಸೇರಿದ ಮೇಲೆ ಶಾಶ್ವತವಾಯಿತು ಎಂಬ ನಂಬಿಕೆ ಅವರದು. ಆ ನಂಬಿಕೆಯಿಂದಲೇ ನೋಟುಬುಕ್ಕುಗಳನ್ನು ಹಳೆಯ ಕಾಗದದವನಿಗೆ ಹಾಕಿಬಿಟ್ಟರು. ಅವರಿಗೆ ಆ ನಂಬಿಕೆ ಹುಟ್ಟಿಸಿದವನು ನಾನೇ. 2009ರಲ್ಲಿ ಅವರು ತೀರಿಕೊಂಡರು. ಹಾಡಿದ ಅಜ್ಜಿಯಂದಿರಲ್ಲಿ ಇಂದು ಒಬ್ಬರೂ ಉಳಿದಿಲ್ಲ.

ಫ್ಲಾಪಿ ಓದುವ ಉಪಕರಣವೊಂದನ್ನು ಮತ್ತೆ ಎಸ್.ಪಿ. ರಸ್ತೆಯಲ್ಲೇ ಹುಡುಕಿ ತಂದೆ. ಹನ್ನೊಂದರಲ್ಲಿ ಆರು ತೆರೆದುಕೊಂಡವು. ಐದಕ್ಕೆ ಬೂಷ್ಟು ಹಿಡಿದಿತ್ತು. ತೆರೆದುಕೊಂಡ ಆರರಲ್ಲಿಯೂ ಪರದೆಯ ಮೇಲೆ ಕನ್ನಡವಿರಲಿಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟುಗಳು, ನಡುನಡುವೆ ಬ್ರಿಟನ್ನಿನ ಪೌಂಡಿನ ಚಿಹ್ನೆ. ಹಳೆಯ ಕನ್ನಡ ಕಡತ ತೆರೆದು ನೋಡಿದವರಿಗೆಲ್ಲ ಈ ನೋಟ ಪರಿಚಿತ.

ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಆ ಕಾಲದ ಸಾಮಾನ್ಯ ಗಣಕಯಂತ್ರದಲ್ಲಿ ಅಕ್ಷರಗಳಿಗೆಂದು ಇದ್ದದ್ದು 256 ಮನೆಗಳು ಮಾತ್ರ. ಅದರಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಆದ್ದರಿಂದ ನಮ್ಮ ತಂತ್ರಜ್ಞರು ರೋಮನ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದರು. ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತಕ್ಷರ, ಮತ್ತೊಂದರಲ್ಲಿ ದೀರ್ಘ. ಯಂತ್ರದ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಫಾಂಟು ಎಂಬ ಬಟ್ಟೆ ತೊಟ್ಟಾಗ ಮಾತ್ರ ಕನ್ನಡದಂತೆ ಕಾಣುತ್ತಿತ್ತು. ಬಟ್ಟೆ ಕಳಚಿದರೆ ‘ಕ’ಕಾರ ರೋಮನ್ನಿನ ‘ಪಿ’ ಆಗುತ್ತದೆ, ‘ನ’ಕಾರ ಪೌಂಡಿನ ಚಿಹ್ನೆಯಾಗುತ್ತದೆ. ಮೇಲಾಗಿ, ಯಾವ ಮನೆಯಲ್ಲಿ ಯಾವ ತುಣುಕು ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ತೀರ್ಮಾನಿಸಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರ ತಂತ್ರಾಂಶ ಓದಲಾರದು. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು ನಿಜ. ಆದರೆ ಮನೆಯ ಯಂತ್ರದಲ್ಲಿ ಅದು ಕಾಣಿಸಿಕೊಂಡದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಅಕ್ಷರಗಳ ಮೂಲಕ. ಜನರ ರೂಢಿ ಬದಲಾಗಲು ಇನ್ನೂ ಹಲವು ವರ್ಷ ಬೇಕಾಯಿತು.

ಆ ಹಳೆಯ ವ್ಯವಸ್ಥೆಯನ್ನು ಕಟ್ಟಿದವರನ್ನು ದೂರುವುದು ಕೃತಘ್ನತೆಯಾದೀತು. ಇದ್ದ ಇಕ್ಕಟ್ಟಿನೊಳಗೆ ಅವರು ಮಾಡಿದ್ದು ಸಾಹಸವೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿಯೇ ಕನ್ನಡಿಗರು ಇಂದಿಗೂ ಬೆರಳಾಡಿಸುತ್ತಿದ್ದಾರೆ. ಯು.ಬಿ. ಪವನಜ ಅವರು 1996ರಲ್ಲಿಯೇ ‘ವಿಶ್ವಕನ್ನಡ’ ಎಂಬ ಅಂತರ್ಜಾಲ ಪತ್ರಿಕೆ ಆರಂಭಿಸಿದರು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಹಳ್ಳಿಯ ನಿವೃತ್ತ ಮೇಷ್ಟರೊಬ್ಬರು ತಮ್ಮ ಭಾಷೆಯಲ್ಲೇ ಗಣಕಯಂತ್ರದ ಮುಂದೆ ಕೂರಲು ಸಾಧ್ಯವಾದದ್ದು ಇವರಿಂದ. ದೋಷ ಅವರದಲ್ಲ. ಅವರು ಬೀಜ ಬಿತ್ತಿದ ಮೇಲೆ ಬೆಳೆಯನ್ನು ಕಣಜಕ್ಕೆ ಸಾಗಿಸಬೇಕಾಗಿದ್ದವರು ನಾವು.

ಇಲ್ಲಿ ನಮ್ಮ ತಾಲ್ಲೂಕು ಕಚೇರಿಯ ಒಂದು ಉದಾಹರಣೆ ನೆನಪಾಗುತ್ತದೆ. ತಂದೆಯವರು ಸೋಬಾನೆ ಪದ ಟೈಪು ಮಾಡುತ್ತಿದ್ದ ಕಾಲದಲ್ಲೇ ಗುಬ್ಬಿಯೂ ಸೇರಿದಂತೆ ರಾಜ್ಯದ ತಾಲ್ಲೂಕುಗಳಲ್ಲಿ ‘ಭೂಮಿ’ ಯೋಜನೆ ಜಾರಿಗೆ ಬಂತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಇಳಿಸಲಾಯಿತು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಆಗಿನ ಯಂತ್ರಗಳು ಮೂಲೆ ಸೇರಿ ಎಷ್ಟೋ ಕಾಲವಾಗಿದೆ. ಆದರೆ ನಮ್ಮ ಎರಡೆಕರೆ ತೋಟದ ಪಹಣಿಯನ್ನು ನಾನು ಇಂದು ಮೊಬೈಲ್ ಫೋನಿನಲ್ಲಿ ನೋಡಬಲ್ಲೆ. ಅದು ಹೇಗೆ ಉಳಿಯಿತು? ಯಂತ್ರ ಬದಲಾದಾಗಲೆಲ್ಲ ದಾಖಲೆಯನ್ನೂ ಹೊಸದಕ್ಕೆ ಸಾಗಿಸಿಕೊಂಡು ಬರಬೇಕೆಂದು ಸರ್ಕಾರ ತೀರ್ಮಾನಿಸಿತ್ತು. ಅದಕ್ಕೆ ಸಿಬ್ಬಂದಿ ಇತ್ತು, ಹಣ ಇತ್ತು, ಜವಾಬ್ದಾರಿ ಯಾರದೆಂಬುದು ಗೊತ್ತಿತ್ತು. ಅದೇ ಕಾಲದ ತಂತ್ರಜ್ಞಾನದಲ್ಲಿ ಹೊಲದ ಲೆಕ್ಕ ಉಳಿಯಿತು, ಆ ಹೊಲದಲ್ಲಿ ದುಡಿದವರ ಹಾಡು ಅಳಿಯಿತು. ತಂತ್ರಜ್ಞಾನ ಹಳತಾಯಿತು ಎಂಬುದು ಇದಕ್ಕೆ ಪೂರ್ಣ ಕಾರಣವಲ್ಲ. ಒಂದು ನಮಗೆ ಬೇಕಾಗಿತ್ತು, ಇನ್ನೊಂದು ಬೇಕೆಂದು ಯಾರೂ ಹೇಳಲಿಲ್ಲ.

ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಜೈನ ಬಸದಿಯಿದೆ. ಗುಬ್ಬಿ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ತುಮಕೂರು ಸಂಪುಟದಲ್ಲಿ 1904ರಲ್ಲೇ ಅಚ್ಚು ಹಾಕಿಸಿದರು. ಕಲ್ಲು ಗಟ್ಟಿ, ಫ್ಲಾಪಿ ಮೆದು ಎಂದು ಹೇಳಿ ಸುಮ್ಮನಾಗಬಹುದು. ಆದರೆ ಶಾಸನಗಳು ನಮ್ಮವರೆಗೆ ಬಂದದ್ದು ಕಲ್ಲಿನ ಬಲದಿಂದ ಮಾತ್ರವಲ್ಲ. ಯಾರೋ ಊರೂರು ತಿರುಗಿ ಪಡಿಯಚ್ಚು ತೆಗೆದರು, ಹಳೆಯ ಲಿಪಿಯನ್ನು ಇಂದಿನ ಲಿಪಿಗೆ ತಂದರು, ಮುದ್ರಿಸಿ ಹಂಚಿದರು. ಹಾಗೆ ಮಾಡದೆ ಬಿಟ್ಟದ್ದರ ಫಲವೂ ನಮ್ಮ ಮುಂದಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಲಭ್ಯವಿಲ್ಲ. ನಮ್ಮ ಹಿರಿಯರು ಎಂಥ ಅಲಕ್ಷ್ಯ ಮಾಡಿದರೆಂದು ನಾವು ಸಭೆಗಳಲ್ಲಿ ಮರುಗುತ್ತೇವೆ. ನಮ್ಮ ಮೊಮ್ಮಕ್ಕಳು ನಮ್ಮ ಬಗ್ಗೆಯೂ ಹಾಗೆಯೇ ಮರುಗುವಂತೆ ಬದುಕುತ್ತಿದ್ದೇವೆ.

ಅಂತರ್ಜಾಲದ ಮೊದಲ ದಿನಗಳ ಬಗ್ಗೆ ಇತ್ತೀಚೆಗೆ ಎಲ್ಲೆಡೆ ಹಂಬಲದ ಮಾತು ಕೇಳಿಬರುತ್ತಿದೆ. ಆಗ ಜಾಹೀರಾತಿನ ಕಾಟವಿರಲಿಲ್ಲ, ಜಗಳ ಕಡಿಮೆಯಿತ್ತು, ಪ್ರತಿಯೊಬ್ಬರೂ ತಮ್ಮ ಪುಟ್ಟ ಪುಟವನ್ನು ಪ್ರೀತಿಯಿಂದ ಅಲಂಕರಿಸುತ್ತಿದ್ದರು ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಅದು ಸುವರ್ಣಯುಗವೇನಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಮಹಾನಗರಗಳಲ್ಲಿ ಅಂತರ್ಜಾಲ ಸಂಪರ್ಕ ಆರಂಭಿಸಿದಾಗ ಅದು ಸಿರಿವಂತರ, ಇಂಗ್ಲಿಷ್ ಬಲ್ಲವರ ಸೊತ್ತಾಗಿತ್ತು. ನಮ್ಮ ಊರಿನ ಹೆಣ್ಣುಮಕ್ಕಳು ಸೈಬರ್ ಕೇಂದ್ರದ ಪರದೆ ಕಟ್ಟಿದ ಗೂಡುಗಳೊಳಗೆ ಹೋಗಲು ಅಳುಕುತ್ತಿದ್ದರು. ಇಂದು ನಿಟ್ಟೂರಿನ ಸಂತೆಯಲ್ಲಿ ಸೊಪ್ಪು ಮಾರುವ ತಾಯಿ ಮೊಬೈಲಿನಲ್ಲಿ ಮಗನ ಮುಖ ನೋಡಿ ಮಾತಾಡುತ್ತಾಳೆ. ಆ ದಿನಗಳೇ ಚೆನ್ನಾಗಿದ್ದವು ಎಂದು ಅವಳ ಮುಂದೆ ಹೇಳಲು ನನಗೆ ಬಾಯಿ ಬಾರದು.

ನನ್ನ ತಕರಾರು ಬೇರೆ. ನಾವು ನೆನೆಯುವುದು ಯಂತ್ರವನ್ನು, ಅದರ ಸದ್ದನ್ನು, ಆಗಿನ ನಮ್ಮ ಪ್ರಾಯವನ್ನು. ಯಂತ್ರದೊಳಗೆ ಬರೆದಿಟ್ಟದ್ದು ಮರೆತೇಹೋಗಿದೆ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ತಾಣದಲ್ಲಿ ಲಕ್ಷಾಂತರ ಸಾಮಾನ್ಯರು ತಮ್ಮ ಪುಟ ಕಟ್ಟಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಯಾಹೂ ಸಂಸ್ಥೆ ಅದನ್ನು ಮುಚ್ಚಿತು. ಕೆಲವು ಸ್ವಯಂಸೇವಕರು ಹಾಗೂ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಹಗಲಿರುಳು ದುಡಿದು ಪ್ರತಿ ಮಾಡಿಕೊಂಡದ್ದಷ್ಟೇ ಉಳಿಯಿತು. ಕನ್ನಡದ ಪುಟಗಳಿಗೆ ಇನ್ನೊಂದು ಸಂಕಟವಿದೆ. ಪುಟ ಉಳಿದರೂ ಅದರ ಫಾಂಟು ಉಳಿಯದಿದ್ದರೆ ಓದಲು ಸಾಧ್ಯವಿಲ್ಲ. ಹುಡುಕಿದರೆ ಸಿಗುವುದೂ ಇಲ್ಲ, ಏಕೆಂದರೆ ಹುಡುಕುವ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುವುದಿಲ್ಲ.

ಎಲ್ಲವನ್ನೂ ಉಳಿಸಿಕೊಳ್ಳಬೇಕೇ, ಮುಖ್ಯವಾದದ್ದು ಹೇಗೂ ಪುಸ್ತಕವಾಗಿದೆಯಲ್ಲ ಎಂದು ಕೇಳುವವರಿದ್ದಾರೆ. ಅಚ್ಚಾದದ್ದರ ಬಗ್ಗೆ ನನಗೂ ಚಿಂತೆಯಿಲ್ಲ. ಅಚ್ಚಿನ ಭಾಗ್ಯ ಕಾಣದ ಬರಹದ ಮಾತು ನನ್ನದು. 1990ರ ದಶಕದಿಂದ ಹದಿನೈದು ಇಪ್ಪತ್ತು ವರ್ಷ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ಎಷ್ಟೊಂದು ಕನ್ನಡ ಟೈಪಾಯಿತು! ಶಾಲೆಯ ಸ್ಮರಣ ಸಂಚಿಕೆ, ಊರ ಜಾತ್ರೆಯ ಇತಿಹಾಸ, ನಾಟಕ ತಂಡದ ಹಸ್ತಪ್ರತಿ, ಸ್ಥಳೀಯ ಪತ್ರಿಕೆಯ ಸಂಚಿಕೆಗಳು, ನಿವೃತ್ತರ ಆತ್ಮಕಥೆಗಳು. ಪಟ್ಟಣದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಬೇಕಾದದ್ದು ಇವೇ. ಅಂಗಡಿ ಮುಚ್ಚಿದಾಗ ಯಂತ್ರವನ್ನು ತೂಕಕ್ಕೆ ಹಾಕುತ್ತಾರೆ. ಬರಹವೂ ಅದರೊಂದಿಗೆ ಹೋಗುತ್ತದೆ.

ಪರಿಹಾರ ಕಠಿಣವಾಗಿಯೇನೂ ಇಲ್ಲ. ನುಡಿ, ಬರಹ ಮುಂತಾದ ಪ್ರಚಲಿತ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಕೊರತೆಯಿರುವುದು ಮೂರು ಕಡೆ. ಮೊದಲನೆಯದು, ಮರೆಯಾದ ಖಾಸಗಿ ಫಾಂಟುಗಳ ಸಂಕೇತ ವಿವರ. ಇದನ್ನು ಸಂಗ್ರಹಿಸಿ ಸಾರ್ವಜನಿಕರಿಗೆ ತೆರೆದಿಡುವ ಕೆಲಸವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವಾಗಲಿ ಕೈಗೆತ್ತಿಕೊಳ್ಳಬೇಕು; ಅವುಗಳನ್ನು ರೂಪಿಸಿದ ತಂತ್ರಜ್ಞರು ನಮ್ಮ ನಡುವೆ ಇರುವಾಗಲೇ ಇದು ನಡೆಯಬೇಕು. ಎರಡನೆಯದು, ಫ್ಲಾಪಿ, ಹಳೆಯ ಹಾರ್ಡ್ ಡಿಸ್ಕುಗಳನ್ನು ಓದುವ ಸಲಕರಣೆ. ಜಿಲ್ಲೆಗೊಂದು ಗ್ರಂಥಾಲಯದಲ್ಲಿ ಇದ್ದರೂ ಸಾಕು. ಮೂರನೆಯದು, ಜನರಿಂದ ತಂದು ಕೊಡಿಸುವ ಕೆಲಸ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿಗೆ ಬರುವ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ದಿನದ ತರಬೇತಿ ಕೊಟ್ಟರೆ ತಮ್ಮ ಊರಿನ ಹಳೆಯ ಕಡತಗಳನ್ನು ತಾವೇ ಉಳಿಸಬಲ್ಲರು. ಮಾಡುವುದಿದ್ದರೆ ಬೇಗ ಮಾಡಬೇಕು. ಫ್ಲಾಪಿಯ ಮೇಲಿನ ಕಾಂತೀಯ ಲೇಪ ನಮ್ಮ ಸಭೆ, ಸಮಿತಿಗಳ ವರದಿಗೆ ಕಾಯುವುದಿಲ್ಲ.

ನಮ್ಮ ಮನೆಯ ಆರು ಫ್ಲಾಪಿಗಳಲ್ಲಿ ಐದು ‘ನುಡಿ’ಯವು. ತಮ್ಮನ ಮಗಳು ಪರಿವರ್ತಕದಲ್ಲಿ ಹಾಕಿ ಒಂದು ಮಧ್ಯಾಹ್ನದೊಳಗೆ ಓದುವಂತೆ ಮಾಡಿದಳು. ನೂರಾರು ಒಗಟುಗಳು, ಬೀಸುವ ಪದಗಳು ಬಂದವು. ಕೆಲವು ಪದಗಳ ಕೆಳಗೆ ಹಾಡಿದವರ ಹೆಸರು, ಊರು, ಆ ದಿನ ಅವರ ಮನೆಯಲ್ಲಿ ಏನು ಉಂಡೆ ಎಂಬುದನ್ನೂ ತಂದೆಯವರು ಬರೆದಿದ್ದರು. ಆರನೆಯದನ್ನು ಯಾವುದೋ ಡಿಟಿಪಿ ಅಂಗಡಿಯಲ್ಲಿ ಬೇರೆ ಫಾಂಟಿನಲ್ಲಿ ಮಾಡಿಸಿದ್ದರು. ಆ ಅಂಗಡಿ ಈಗಿಲ್ಲ. ಫಾಂಟಿನ ಹೆಸರೂ ನಮಗೆ ತಿಳಿಯಲಿಲ್ಲ. ಫ್ಲಾಪಿಯ ಚೀಟಿಯ ಮೇಲೆ ತಂದೆಯವರ ದುಂಡಗಿನ ಕೈಬರಹದಲ್ಲಿ ‘ಸೋಬಾನೆ’ ಎಂದಿದೆ. ಅಷ್ಟನ್ನು ಮಾತ್ರ ಓದಬಹುದು.

ಹೆಂಚಿನ ಕೆಲಸ ಮುಗಿದ ಮೇಲೆ ಗಣಕಯಂತ್ರವನ್ನು ಗುಜರಿಗೆ ಕೊಟ್ಟೆ. ಅದರ ಬಗ್ಗೆ ನನಗೆ ವ್ಯಸನವಿಲ್ಲ. ಆ ಫ್ಲಾಪಿಯ ಕಡತವನ್ನು ನಾಲ್ಕು ಕಡೆ ಪ್ರತಿ ಮಾಡಿ ಇಟ್ಟಿದ್ದೇನೆ. ಅದರ ಸಂಕೇತ ಬಲ್ಲವರು ಕನ್ನಡ ನಾಡಿನಲ್ಲಿ ಎಲ್ಲಾದರೂ ಇದ್ದೇ ಇರುತ್ತಾರೆ, ಅವರನ್ನು ಹುಡುಕುತ್ತಿದ್ದೇನೆ. ಓದುಗರ ಮನೆಯ ಅಟ್ಟದಲ್ಲಿಯೂ ಇಂಥದೊಂದು ಡಬ್ಬಿ ಇದ್ದೀತು. ಈ ಭಾನುವಾರ ದಯವಿಟ್ಟು ಅದನ್ನು ಇಳಿಸಿ ನೋಡಿ.