ಕಂಠಪಾಠ ಸಾಕು, ಕಥೆ ಬರೆಸಿ

‘ಆಕಳು’ ಎಂದರೆ ಸಾಕು, ಮಕ್ಕಳು ಗೈಡಿನ ಪ್ರಬಂಧ ಗಡಗಡ ಒಪ್ಪಿಸುತ್ತಾರೆ. ನೌಬಾದಿನ ನೆಲದಡಿ ಇರುವ ಬಹಮನಿ ಕಾಲದ ಕರೇಜ್ ಸುರಂಗದ ಬಗ್ಗೆ ಸ್ವಂತವಾಗಿ ನಾಲ್ಕು ಸಾಲು ಬರೀರಪ್ಪಾ ಎಂದರೆ ಪೆನ್ನು ನಿಂತುಬಿಡುತ್ತದೆ. ತಪ್ಪು ಮಕ್ಕಳದಲ್ಲ, ಬರೆಸುವವರೇ ಇಲ್ಲ.

1948ರವರೆಗೆ, ನಿಜಾಮರ ಆಡಳಿತದಲ್ಲಿ, ಇಲ್ಲಿನ ಶಾಲೆಗಳಲ್ಲಿ ಉರ್ದುವಿನದೇ ದರ್ಬಾರು. ಕನ್ನಡ ಮಕ್ಕಳ ಮನೆಮಾತು ಹೊರಗೇ ಉಳಿಯಿತು. ಇಂದು ಕನ್ನಡ ಶಾಲೆಯಲ್ಲಿ ಲಂಬಾಣಿ, ಮರಾಠಿ ಮನೆಯ ಮಗು ಬಾಯಿ ಬಿಡದೆ ಕೂತರೆ ನಾವು ಕಲಿತಿದ್ದೇನು?

ಪ್ರತಿಭಾ ಕಾರಂಜಿಯ ಬಹುಮಾನ ಕೆಲವರಿಗೆ; ಕಥಾ ಕಮ್ಮಟ ಇಡೀ ಕ್ಲಾಸಿಗೆ ಬೇಕು. ತಿಂಗಳಿಗೊಂದು ಶನಿವಾರ ಎರಡು ಪೀರಿಯಡ್ ಬಿಡಿ. ಊರಿನ ಬರಹಗಾರರನ್ನು ಕರೆಸಿ. ಅಜ್ಜಿ ಹೇಳಿದ್ದು, ಬಸ್ಸಿನಲ್ಲಿ ಕಂಡಿದ್ದು, ಅಪ್ಪನ ಅಂಗಡಿಯ ಉದ್ರಿ ಗಿರಾಕಿ ಬಗ್ಗೆ ಬರೆಯಲಿ. ಮನೆಮಾತು ಬೆರೆತರೂ ಬೆರೆಯಲಿ. ಕೆಂಪು ಶಾಯಿ ಆಮೇಲೆ. ಇದಕ್ಕೆ ಗ್ರಾಂಟು ಬೇಡ, ಮನಸ್ಸು ಬೇಕು. ಶಿಕ್ಷಣ ಇಲಾಖೆ ಗಮನಿಸಲಿ.