ಎರಡು ತೊಟ್ಟಿಲು, ಒಂದು ದಿನಚರಿ

ಮನೆಯಲ್ಲಿ ತೊಟ್ಟಿಲು ತೂಗುವುದೇ ಒಂದು ಸಂಭ್ರಮ. ಒಂದರ ಬದಲು ಎರಡು ತೊಟ್ಟಿಲುಗಳು ತೂಗತೊಡಗಿದರಂತೂ ನೆಂಟರಿಷ್ಟರ ಬಾಯಲ್ಲಿ ಲವ-ಕುಶರ ಮಾತೇ ಮಾತು. ಆದರೆ ನಾಮಕರಣ ಮುಗಿದು, ಬಂದವರೆಲ್ಲ ಹರಸಿ ಹೊರಟುಹೋದ ಮೇಲೆ, ನಡುರಾತ್ರಿಯಲ್ಲಿ ಎರಡು ಕೂಸುಗಳೂ ಒಮ್ಮೆಗೇ ಅಳತೊಡಗಿದಾಗ ತಾಯಿಗೆ ಆ ಸಂಭ್ರಮದ ಇನ್ನೊಂದು ಮುಖ ಕಾಣುತ್ತದೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ಯಾವುದಕ್ಕೆ ಕಳೆದ ಬಾರಿ ಹಾಲು ಕಡಿಮೆಯಾಗಿತ್ತು? ಔಷಧದ ಹನಿಗಳನ್ನು ಹಾಕಿದ್ದು ದೊಡ್ಡದಕ್ಕೋ ಚಿಕ್ಕದಕ್ಕೋ?

ಲೆಕ್ಕ ಹಾಕಿ ನೋಡಿದರೆ ಈ ಕಷ್ಟದ ಪ್ರಮಾಣ ತಿಳಿಯುತ್ತದೆ. ಮೊದಲ ವಾರಗಳಲ್ಲಿ ಒಂದು ಕೂಸಿಗೆ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸಬೇಕು. ಅವಳಿಗಳಾದರೆ 16ರಿಂದ 24 ಬಾರಿಯಾಯಿತು. ಒಂದೊಂದು ಸಲಕ್ಕೆ ಅರ್ಧ ಗಂಟೆಯಂತೆ ಹಿಡಿದರೂ, ಒಂದಾದ ಮೇಲೊಂದಕ್ಕೆ ಊಡಿಸುವ ತಾಯಿಯ ದಿನದಲ್ಲಿ 8ರಿಂದ 12 ಗಂಟೆ ಹಾಲೂಡಿಕೆಯಲ್ಲಿಯೇ ಕಳೆದುಹೋಗುತ್ತದೆ. ಉಳಿದ ಹೊತ್ತಿನಲ್ಲಿ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು. ಇಷ್ಟರ ನಡುವೆ ಆಕೆ ಉಣ್ಣುವುದೆಂದು, ಮಲಗುವುದೆಂದು?

ಇದು ತಾಯಿಯ ಸಹನೆಯಿಂದ ಮಾತ್ರ ಬಗೆಹರಿಯತಕ್ಕ ವಿಷಯವಲ್ಲ; ಮನೆಯ ವ್ಯವಸ್ಥೆಯಿಂದ ಬಗೆಹರಿಯತಕ್ಕುದು. ತಾಯಿಯೊಬ್ಬಳಿಂದಲೇ ಆಗುವ ಕೆಲಸವನ್ನು ಮಾತ್ರ ಆಕೆಗೆ ಬಿಟ್ಟು ಉಳಿದುದನ್ನೆಲ್ಲ ಮನೆಯವರು ಹಂಚಿಕೊಳ್ಳಬೇಕು. ಜೊತೆಗೆ, ಎರಡು ಕೂಸುಗಳ ಹಸಿವು-ನಿದ್ರೆಗಳನ್ನು ಸಾಧ್ಯವಾದಷ್ಟೂ ಒಂದೇ ಹೊತ್ತಿಗೆ ತರಬೇಕು.

ಒಂದೇ ಹೊತ್ತಿಗೆ ಹಾಲು

‘ಮಲಗಿದ ಮಗುವನ್ನು ಎಬ್ಬಿಸಬಾರದು’ ಎಂಬುದು ಹಿರಿಯರ ಮಾತು. ಒಂಟಿ ಕೂಸು ಚೆನ್ನಾಗಿ ಮೈತುಂಬಿಕೊಳ್ಳುತ್ತಿದ್ದರೆ ಅದು ಸರಿಯೇ. ಅವಳಿಗಳ ಮನೆಯಲ್ಲಿ ಮಾತ್ರ ಮೊದಲ ವಾರಗಳಲ್ಲಿ ಈ ಮಾತನ್ನು ಬದಿಗಿಡುವುದು ಲೇಸು. ಒಂದು ಹಸಿದು ಎದ್ದಾಗ ಇನ್ನೊಂದನ್ನೂ ಮೆಲ್ಲನೆ ಎಬ್ಬಿಸಿ ಹಾಲೂಡಿಸಿದರೆ, ಎರಡೂ ಬಹುಮಟ್ಟಿಗೆ ಒಟ್ಟಿಗೆ ಮಲಗುತ್ತವೆ. ತಾಯಿಗೆ ಒಂದೆರಡು ಗಂಟೆಯ ನಿದ್ರೆ ದೊರೆಯುವುದು ಈ ಒಂದು ಉಪಾಯದಿಂದಲೇ.

ಮೊದಲ ಕೆಲವು ದಿನ ಒಂದೊಂದನ್ನೇ ಎತ್ತಿಕೊಂಡು, ಎರಡೂ ಸರಿಯಾಗಿ ಬಾಯಿಟ್ಟು ಕುಡಿಯುವುದನ್ನು ಕಲಿತವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಎರಡನ್ನೂ ಏಕಕಾಲಕ್ಕೆ ಊಡಿಸಬಹುದು. ತಾಯಿ ಬೆನ್ನಿಗೆ ಆಸರೆಯಿಟ್ಟು ಕುಳಿತು, ಎರಡು ಮಗ್ಗುಲಿಗೂ ದಪ್ಪ ದಿಂಬುಗಳನ್ನಿಟ್ಟುಕೊಂಡು, ಒಂದೊಂದು ಕೂಸನ್ನು ಒಂದೊಂದು ತೋಳಿನ ಕೆಳಗೆ, ಅದರ ಕಾಲು ತನ್ನ ಬೆನ್ನಿನ ಕಡೆಗೆ ಬರುವಂತೆ ಮಲಗಿಸಿಕೊಂಡರೆ ತೋಳು ಸೋಲುವುದಿಲ್ಲ. ಕೂಸುಗಳನ್ನು ಎತ್ತಿಕೊಡಲು ಮೊದಮೊದಲು ಇನ್ನೊಬ್ಬರು ಹತ್ತಿರವಿರಬೇಕು. ಇಂದು ಬಲಕ್ಕಿದ್ದ ಕೂಸು ನಾಳೆ ಎಡಕ್ಕೆ ಬಂದರೆ, ಒಂದು ಬಲವಾಗಿಯೂ ಇನ್ನೊಂದು ಮೆಲ್ಲಗೂ ಚೀಪಿದರೂ ಎರಡು ಕಡೆಯ ಹಾಲೂ ಸಮವಾಗಿ ಬರುತ್ತದೆ.

‘ಇಬ್ಬರಿಗೆ ತಾಯಿಯ ಹಾಲು ಎಲ್ಲಿ ಸಾಲುತ್ತದೆ?’ ಎಂದು ಡಬ್ಬಿಯ ಹಾಲಿಗೆ ಆತುರಪಡುವವರುಂಟು. ಕೂಸು ಕುಡಿದಷ್ಟೂ ಹಾಲು ಹೆಚ್ಚುವುದು ದೇಹದ ಧರ್ಮ. ಇಬ್ಬರು ಕುಡಿದರೆ ಇಬ್ಬರಿಗಾಗುವಷ್ಟು ಹಾಲು ಬಹುಪಾಲು ತಾಯಂದಿರಲ್ಲಿ ಉಂಟಾಗುತ್ತದೆ. ಮೊದಲ 6 ತಿಂಗಳು ಎದೆಹಾಲೊಂದೇ ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಅವಳಿಗಳಿಗೂ ಅನ್ವಯಿಸುತ್ತದೆ. ಕೂಸಿಗೆ ಚೀಪುವ ಶಕ್ತಿ ಸಾಲದೆಂದು ವೈದ್ಯರು ಹೇಳಿದರೆ, ಹಿಂಡಿದ ಹಾಲನ್ನು ಕುದಿಸಿ ಶುಚಿಮಾಡಿದ ಒಳಲೆಯಲ್ಲಿ ಕುಡಿಸಬಹುದು. ಅವರು ಬೇರೆ ಹಾಲನ್ನು ಸೂಚಿಸಿದರೂ ತಾಯಿ ಅದನ್ನು ತನ್ನ ಸೋಲೆಂದು ಭಾವಿಸಬೇಕಾಗಿಲ್ಲ.

ಸದ್ದಿಲ್ಲದ ಕೂಸು

ಅವಳಿಗಳಲ್ಲಿ ಒಂದು ಅತ್ತು ಮನೆಯನ್ನೇ ಎಬ್ಬಿಸುತ್ತದೆ. ಇನ್ನೊಂದು ಸದ್ದಿಲ್ಲದೆ ಮಲಗಿರುತ್ತದೆ. ‘ಇದು ಎಷ್ಟು ಒಳ್ಳೆಯ ಮಗು!’ ಎಂದು ಮನೆಯವರೆಲ್ಲ ಮೆಚ್ಚುತ್ತಾರೆ. ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. ಅನೇಕ ಅವಳಿಗಳು 37 ವಾರ ತುಂಬುವ ಮೊದಲೇ, ಎರಡೂವರೆ ಕಿಲೋಗಿಂತ ಕಡಿಮೆ ತೂಕದಿಂದ ಹುಟ್ಟುತ್ತವೆ. ಅಂಥ ಕೂಸಿಗೆ ಹಸಿವಾದರೂ ಅಳುವ ತ್ರಾಣವಿರುವುದಿಲ್ಲ. ಅತ್ತದ್ದಕ್ಕೆ ಹಾಲು, ಅಳದಿದ್ದಕ್ಕೆ ನಿದ್ರೆ ಎಂಬಂತಾದರೆ ಸೊರಗುವುದು ಆ ಒಳ್ಳೆಯ ಮಗುವೇ.

ಇದಕ್ಕೆ ಪರಿಹಾರ ಒಂದು ಸಾಮಾನ್ಯ ನೋಟ್ ಪುಸ್ತಕ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಒಂದು ಕೂಸಿನ ಹೆಸರು, ಬಲಕ್ಕೆ ಇನ್ನೊಂದರ ಹೆಸರು ಬರೆದರಾಯಿತು. ಹಾಲು ಕುಡಿದ ಗಂಟೆ, ಒದ್ದೆಯಾದ ಬಟ್ಟೆಗಳ ಸಂಖ್ಯೆ, ಹಾಕಿದ ಔಷಧ, ವಾರಕ್ಕೊಮ್ಮೆ ತೂಕ ಇವಿಷ್ಟು ಸಾಕು. ನಿದ್ದೆಗೆಟ್ಟ ತಲೆ ಮರೆಯುವುದನ್ನು ಪುಸ್ತಕ ಮರೆಯುವುದಿಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಬಟ್ಟೆಯಾದರೂ ಒದ್ದೆಯಾಗದಿದ್ದರೆ, ಅಥವಾ ವಾರದ ತೂಕ ಏರದಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಾಲು ಬೇಡವೆನ್ನುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಉಸಿರಾಡುವಾಗ ಎದೆಗೂಡು ಒಳಗೆ ಸೆಳೆಯುವುದು ಕಂಡರಂತೂ ಆ ಕ್ಷಣವೇ ಹೊರಡಬೇಕು.

ನೋಡಲು ಒಂದೇ ರೀತಿಯಿರುವ ಕೂಸುಗಳಾದರೆ ಬಣ್ಣದ ಗುರುತು ಅವಶ್ಯ. ಒಂದಕ್ಕೆ ಹಳದಿ, ಇನ್ನೊಂದಕ್ಕೆ ನೀಲಿ ಎಂದು ನಿಶ್ಚಯಿಸಿ, ಅಂಗಿ, ಹೊದಿಕೆ, ಔಷಧದ ಸೀಸೆ, ಚುಚ್ಚುಮದ್ದಿನ ಕಾರ್ಡು ಎಲ್ಲಕ್ಕೂ ಅದೇ ಬಣ್ಣದ ಗುರುತು ಹಾಕಿದರೆ, ಒಂದಕ್ಕೇ ಎರಡು ಸಲ ಔಷಧ ಹಾಕಿ ಇನ್ನೊಂದಕ್ಕೆ ತಪ್ಪಿಸುವ ಪ್ರಮಾದ ಆಗುವುದಿಲ್ಲ. ಹುಟ್ಟಿದಾಗ, ಬಳಿಕ 6, 10 ಮತ್ತು 14ನೆಯ ವಾರಗಳಲ್ಲಿ ಹಾಕಿಸತಕ್ಕ ಲಸಿಕೆಗಳ ದಾಖಲೆ ಎರಡಕ್ಕೂ ಬೇರೆಬೇರೆಯಾಗಿರಬೇಕು.

ನಿದ್ರೆ, ಸ್ನಾನ, ಬಟ್ಟೆ

ಎರಡೂ ಒಂದೇ ಕೋಣೆಯಲ್ಲಿ, ತಾಯಿಯ ಹತ್ತಿರದಲ್ಲಿ ಮಲಗಲಿ. ಆದರೆ ಹಾಸಿಗೆಗಳು ಬೇರೆಯಾಗಿರಲಿ. ಗಟ್ಟಿಯಾದ ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಿಸುವುದೇ ಕ್ಷೇಮ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮೆತ್ತನೆಯ ಹೊದಿಕೆಗಳ ರಾಶಿ ಇವು ಉಸಿರಿಗೆ ಅಡ್ಡಿಯಾಗಬಹುದಾದ್ದರಿಂದ ಬೇಡ. ಸೀರೆಯ ಜೋಲಿಯಲ್ಲಿ ಇಬ್ಬರನ್ನು ಒಟ್ಟಿಗೆ ಮಲಗಿಸುವುದು ಅಪಾಯಕರ. ಒಂದನ್ನು ಎತ್ತಿಕೊಳ್ಳುವಾಗ ಇನ್ನೊಂದನ್ನು ಮಂಚದ ಮೇಲೆ ಬಿಡುವುದಕ್ಕಿಂತ ನೆಲದ ಚಾಪೆಯ ಮೇಲೆ ಬಿಡುವುದು ಮೇಲು. ನೆಲದಿಂದ ಬೀಳುವ ಭಯವಿಲ್ಲ.

ದಿನವೂ ಇಬ್ಬರಿಗೂ ಎಣ್ಣೆ ಹಚ್ಚಿ ನೀರೆರೆಯಲೇಬೇಕೆಂಬ ನಿಯಮವೇನೂ ಇಲ್ಲ. ಇಂದು ಒಂದಕ್ಕೆ ಸ್ನಾನ, ಇನ್ನೊಂದಕ್ಕೆ ಬೆಚ್ಚನೆಯ ಒದ್ದೆಬಟ್ಟೆಯಿಂದ ಒರೆಸುವುದು, ನಾಳೆ ಅದಲುಬದಲು. ತೂಕ ಕಡಿಮೆಯಿರುವ ಕೂಸಿಗೆ ವೈದ್ಯರು ಒಪ್ಪುವವರೆಗೆ ಒರೆಸುವುದಷ್ಟೇ ಸಾಕು. ಕಿವಿ-ಮೂಗುಗಳಿಗೆ ಎಣ್ಣೆ ಬಿಡುವುದು, ಸ್ನಾನದ ಬಳಿಕ ಸಾಂಬ್ರಾಣಿಯ ಹೊಗೆ ಹಿಡಿಯುವುದು ಇವನ್ನು ಕೈಬಿಟ್ಟರೆ ಕೂಸುಗಳ ಎಳೆಯ ಶ್ವಾಸಕೋಶಗಳಿಗೆ ಒಳಿತು. ಮನೆಯವರಿಗೂ ಅಷ್ಟು ಕೆಲಸ ಉಳಿತಾಯ.

ಹಗಲಿನಲ್ಲಿ ಬಟ್ಟೆಯ ಲಂಗೋಟಿ, ರಾತ್ರಿಗೆ ಡೈಪರ್ ಎಂದು ಇಟ್ಟುಕೊಂಡರೆ ಖರ್ಚೂ ಮಿತ, ನಿದ್ರೆಯೂ ಉಳಿಯುತ್ತದೆ. ಬಟ್ಟೆ, ಹತ್ತಿ, ಒರೆಸುವ ವಸ್ತ್ರಗಳನ್ನು ತುಂಬಿದ ಬುಟ್ಟಿಯೊಂದನ್ನು ಸಂಜೆಯೇ ತಾಯಿಯ ಕೈಗೆಟುಕುವಂತೆ ಇಟ್ಟಿದ್ದರೆ ನಡುರಾತ್ರಿ ಬೀರು ತಡಕಾಡುವ ಪ್ರಮೇಯವಿರದು.

ಹಲವು ಕೈಗಳ ಕೆಲಸ

ಹಾಲೂಡಿಸುವುದು ತಾಯಿಯ ಕೆಲಸ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತೂಗಿ ಮಲಗಿಸುವುದು, ಪುಸ್ತಕದಲ್ಲಿ ಬರೆಯುವುದು ಯಾರಿಂದಲಾದರೂ ಆಗುವ ಕೆಲಸಗಳು. ತಂದೆಯಾದವನು ಕಚೇರಿಯಿಂದ ಬಂದು ‘ಮಕ್ಕಳು ಹೇಗಿವೆ?’ ಎಂದು ಕೇಳಿದರೆ ಸಾಲದು. ರಾತ್ರಿಯ ಮೊದಲ ಪಾಳಿಯನ್ನು ಅವನು ವಹಿಸಿಕೊಂಡರೆ, ಹಾಲಿನ ಹೊತ್ತಿಗೆ ಮಾತ್ರ ಎದ್ದು ತಾಯಿ ಉಳಿದಷ್ಟು ಹೊತ್ತೂ ಮಲಗಬಹುದು. ಬೆಳಗಿನ ಪಾಳಿ ಅಜ್ಜಿಯದಾಗಲಿ. ನೋಡಲು ಬಂದ ನೆಂಟರಿಗೆ ಕಾಫಿ ಮಾಡಿಕೊಡುವುದು ಬಾಣಂತಿಯ ಕೆಲಸವಲ್ಲ. ಬಂದವರೇ ಒಂದು ಬುಟ್ಟಿ ಬಟ್ಟೆ ಮಡಿಸಿಕೊಟ್ಟರೆ ಅದೇ ದೊಡ್ಡ ಉಡುಗೊರೆ.

ತಂದೆಯಿಂದ ಆಗುವ ಇನ್ನೊಂದು ಉಪಕಾರವುಂಟು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು, ಶಾಖಪೆಟ್ಟಿಗೆಗಳು ಸಾಲದೆ ಹೋದಾಗ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ತಾಯಿಯ ಬರಿಯ ಎದೆಗೆ ಅವಚಿ ಕಟ್ಟುವ ಪದ್ಧತಿಯನ್ನು ಆರಂಭಿಸಿದರು. ಕಾಂಗರೂ ಆರೈಕೆ ಎಂಬ ಈ ಕ್ರಮ ಇಂದು ಜಗತ್ತಿನಾದ್ಯಂತ ಮನ್ನಣೆ ಪಡೆದಿದೆ. ಒಂದು ಕೂಸು ತಾಯಿಯ ಎದೆಯ ಮೇಲಿದ್ದಾಗ ಇನ್ನೊಂದು ತಂದೆಯ ಎದೆಯ ಬಿಸುಪಿನಲ್ಲಿ ಬೆಚ್ಚಗಿರಬಹುದು.

ಇನ್ನು ತಾಯಿಯ ಊಟ. ‘ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ’, ‘ಸೊಪ್ಪು ತಿಂದರೆ ಮಗುವಿಗೆ ಶೀತ’ ಎಂಬ ಪಥ್ಯಗಳು ಅವಳಿಗಳ ತಾಯಿಯನ್ನು ಬಳಲಿಸುವುದಲ್ಲದೆ ಬೇರೇನೂ ಮಾಡವು. ಒಂದು ಕೂಸಿಗೆ ಹಾಲೂಡಿಸುವ ತಾಯಿಗೇ ಮೊದಲ 6 ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಇಬ್ಬರಾದರೆ ಇನ್ನೂ ಹೆಚ್ಚು. ಬೇಳೆ, ರಾಗಿ, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ, ಬಾಯಾರಿದಾಗಲೆಲ್ಲ ನೀರು ಇವು ಧಾರಾಳವಾಗಿರಲಿ. ಕಬ್ಬಿಣಾಂಶದ ಮಾತ್ರೆಗಳನ್ನು ಹೆರಿಗೆಯ ನಂತರ 180 ದಿನ ತಪ್ಪದೆ ಸೇವಿಸಬೇಕು.

ಎರಡು ಕೂಸುಗಳೂ ಅಳುತ್ತಿರುವಾಗ ತಾಳ್ಮೆ ಕೆಡುವುದು ಅಪರಾಧವಲ್ಲ. ಅವನ್ನು ತೊಟ್ಟಿಲಲ್ಲಿ ಕ್ಷೇಮವಾಗಿ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ಬಂದರೆ ಕೆಡುಕೇನೂ ಆಗದು; ಕೋಪದಲ್ಲಿ ಕೂಸನ್ನು ಅಲುಗಿಸುವುದು ಮಾತ್ರ ಎಂದೂ ಕೂಡದು. ಆದರೆ ಎರಡು ವಾರ ಕಳೆದರೂ ತಾಯಿಯ ಕಣ್ಣೀರು ನಿಲ್ಲದಿದ್ದರೆ, ಕೂಸುಗಳು ಮಲಗಿದ್ದರೂ ಅವಳಿಗೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ, ಅದನ್ನು ‘ಬಾಣಂತಿಯ ಹಟ’ವೆಂದು ತಳ್ಳಿಹಾಕಕೂಡದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರದ ಉಚಿತ ದೂರವಾಣಿ ಸೇವೆಗೆ 14416ರಲ್ಲಿ ಕರೆಮಾಡಿ ಮನೆಯವರೂ ಸಲಹೆ ಪಡೆಯಬಹುದು.

ಲವ-ಕುಶರ ಹೆಸರನ್ನು ಹೇಳಿ ಹರಸುವವರು ಒಂದು ಮಾತನ್ನು ನೆನೆಯಬೇಕು. ಕಾಡುಪಾಲಾದ ಸೀತೆಯೂ ಆ ಇಬ್ಬರನ್ನು ಒಂಟಿಯಾಗಿ ಸಾಕಲಿಲ್ಲ. ವಾಲ್ಮೀಕಿಯ ಆಶ್ರಮವೇ ಆಕೆಗೆ ತವರಾಯಿತು. ನಗರದ ಎರಡು ಕೋಣೆಯ ಮನೆಯೂ ಮನಸ್ಸು ಮಾಡಿದರೆ ಅಂಥ ಆಶ್ರಮವಾಗಬಲ್ಲದು. ಅಲ್ಲಿ ಬೆಳೆಯುವ ಇಬ್ಬರನ್ನು ‘ಅವಳಿಗಳು’ ಎಂದು ಒಟ್ಟಾಗಿ ಕರೆಯದೆ, ಒಬ್ಬರೊಡನೊಬ್ಬರನ್ನು ಹೋಲಿಸದೆ, ಅವರವರ ಹೆಸರಿನಿಂದ ಕರೆದು ಎತ್ತಿಕೊಳ್ಳಲಿ. ಗದ್ದಲದ ಕೂಸಿಗೂ ಸದ್ದಿಲ್ಲದ ಕೂಸಿಗೂ ತಾಯಿಯ ಮಡಿಲು ಸಮನಾಗಿ ದೊರೆಯಬೇಕಾದರೆ, ಮನೆಯ ಎಲ್ಲ ಕೈಗಳೂ ಆ ತಾಯಿಗೆ ಆಸರೆಯಾಗಬೇಕು.