ಹೊಲಕ್ಕಿಳಿದ ಪೈಲಟ್ ಸೋತವನಲ್ಲ

2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ಎರಡು ಸೀಟಿನ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಉಳಿದುಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ‘ಪತನ’, ‘ಕೂದಲೆಳೆಯಲ್ಲಿ ಪಾರು’, ‘ತಪ್ಪಿದ ಭಾರೀ ದುರಂತ’ ಎಂಬ ಸಿದ್ಧ ಶೀರ್ಷಿಕೆಗಳು ಓಡಿ ಬರುತ್ತವೆ. ರನ್‌ವೇಗೆ ಮರಳಲಾಗದೆ ಹೊಲಕ್ಕೆ ಬಿದ್ದರು ಎಂಬ ಧಾಟಿ ಅವುಗಳದ್ದು. ಈ ಧಾಟಿಯನ್ನು ನಾವು ಒಪ್ಪುವುದಿಲ್ಲ. ಎಷ್ಟೋ ಸಲ ಜೀವ ಉಳಿಸುವುದು ಆ ಹೊಲವೇ.

ಒಂದೇ ಎಂಜಿನ್ನಿನ ಸಣ್ಣ ವಿಮಾನ ಈಗಷ್ಟೇ ನೆಲ ಬಿಟ್ಟಿದೆ ಎಂದುಕೊಳ್ಳಿ. ಮೂಗು ಮೇಲಕ್ಕಿದೆ, ವೇಗ ಕಡಿಮೆ, ಎತ್ತರವೂ ಕಡಿಮೆ. ಆಗ ಎಂಜಿನ್ ಕೈಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ವೇಗ ಕುಸಿಯುತ್ತದೆ. ಪೈಲಟ್ ಮೊದಲು ಮೂಗನ್ನು ಕೆಳಗೆ ಮಾಡಬೇಕು, ಆಮೇಲೆ ಎದುರಿಗೆ ಸಿಕ್ಕ ಬಯಲಿನಲ್ಲಿ ಇಳಿಸಬೇಕು. ಆದರೆ ಮನಸ್ಸು ಹಿಂದಿನ ರನ್‌ವೇ ಕಡೆಗೇ ಎಳೆಯುತ್ತದೆ.

ಹಿಂದಕ್ಕೆ ತಿರುಗುವುದೆಂದರೆ ಬರೀ ಅರ್ಧ ಸುತ್ತಲ್ಲ. ರನ್‌ವೇಯ ನೇರಕ್ಕೆ ಬರಲು ಇನ್ನಷ್ಟು ತಿರುಗಬೇಕು. 45 ಡಿಗ್ರಿ ವಾಲಿ ತಿರುಗುವಾಗ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಸುಮಾರು 19 ಶೇಕಡ ಹೆಚ್ಚುತ್ತದೆ. ಅಷ್ಟು ವೇಗ ಇಲ್ಲವಾದರೆ ರೆಕ್ಕೆ ಹಿಡಿತ ಬಿಡುತ್ತದೆ, ಸಾವರಿಸಿಕೊಳ್ಳಲು ಎತ್ತರವಿರುವುದಿಲ್ಲ. ಪೈಲಟ್‌ಗಳು ಇದನ್ನು ‘ಅಸಾಧ್ಯ ತಿರುವು’ ಎಂದೇ ಕರೆಯುತ್ತಾರೆ. ಎತ್ತರ ಸಾಕಷ್ಟಿದ್ದರೆ ತಿರುಗಬಹುದು, ನಿಜ. ಆದರೆ ಎಷ್ಟು ಎತ್ತರ ಸಾಕು ಎಂಬುದನ್ನು ಮೊದಲೇ ನೆಲದ ಮೇಲೆ ನಿರ್ಧರಿಸಿರಬೇಕು.

ಎಂಜಿನ್ ಪೂರ್ತಿ ನಿಲ್ಲುವುದಕ್ಕಿಂತ ಅರ್ಧ ನಿಲ್ಲುವುದು ಇನ್ನೂ ಅಪಾಯ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2000ರಿಂದ 2010ರವರೆಗಿನ ಲೆಕ್ಕ ತೆಗೆದಿದೆ. ಒಂದೇ ಎಂಜಿನ್ನಿನ ವಿಮಾನಗಳು ಮೇಲೇರಿದ ಕೂಡಲೇ ಭಾಗಶಃ ಶಕ್ತಿ ಕಳೆದುಕೊಂಡ ಪ್ರಕರಣಗಳು 242. ಅವುಗಳಲ್ಲಿ 9 ಪ್ರಕರಣಗಳು ಜೀವ ತೆಗೆದವು. ಎಂಜಿನ್ ಪೂರ್ತಿ ನಿಂತ 75 ಪ್ರಕರಣಗಳಲ್ಲಿ ಒಂದು ಸಾವೂ ಇಲ್ಲ. ಎಂಜಿನ್ ಸತ್ತರೆ ಇಳಿಯದೆ ಬೇರೆ ದಾರಿಯಿಲ್ಲ. ಕೆಮ್ಮುತ್ತಾ ಓಡುವ ಎಂಜಿನ್ ಮಾತ್ರ ‘ಹೇಗೋ ತಲುಪೇನು’ ಎಂಬ ಆಸೆ ಹುಟ್ಟಿಸುತ್ತದೆ. ಆ ಆಸೆಯೇ ಕೊಲ್ಲುತ್ತದೆ.

ಬೆಳಗಾವಿ, ಕಲಬುರಗಿಗಳಲ್ಲಿ ಈಗ ವಿಮಾನ ತರಬೇತಿ ನಡೆಯುತ್ತಿದೆ. ಹಾಗಾಗಿ ಇಂಥ ಸುದ್ದಿಯನ್ನು ಮೊದಲು ಬರೆಯುವವರು ಹಳ್ಳಿಯ ವರದಿಗಾರರೇ. ಅವರು ‘ಪವಾಡ’ ಎಂದು ಬರೆದು ಮುಗಿಸಬಾರದು, ಪ್ರಶ್ನೆ ಕೇಳಬೇಕು. ಹಾರುವ ಮುನ್ನ ಟ್ಯಾಂಕಿನ ತಳದಿಂದ ಇಂಧನ ತೆಗೆದು ನೀರು ಸೇರಿದೆಯೇ ಎಂದು ನೋಡಿದ್ದರೇ? ಎಂಜಿನ್ ವೇಗ ಏರಿಸಿ ಪರೀಕ್ಷಿಸಿದ್ದರೇ? ಅದರ ನಿರ್ವಹಣೆ ಕೊನೆಯದಾಗಿ ಯಾವಾಗ ಆಗಿತ್ತು? ಎಂಜಿನ್ ನಿಂತರೆ ಎಲ್ಲಿ ಇಳಿಯಬೇಕೆಂದು ಗುರು-ಶಿಷ್ಯರು ಹೊರಡುವ ಮೊದಲೇ ಮಾತಾಡಿಕೊಂಡಿದ್ದರೇ? ಹಾಳಾದ ಬೆಳೆಗೆ ರೈತನಿಗೆ ಪರಿಹಾರ ಕೊಡುವವರು ಯಾರು?

ಇನ್ನೊಂದು ಪ್ರಶ್ನೆ ಜಿಲ್ಲಾಡಳಿತಕ್ಕೆ. ರನ್‌ವೇಯ ಎರಡು ತುದಿಗಳಾಚೆಗಿನ ಹೊಲಗಳು ಒಂದೊಂದಾಗಿ ಲೇಔಟ್ ಆದರೆ ಪೈಲಟ್ ಎಲ್ಲಿ ಇಳಿಯಬೇಕು? ಅಲ್ಲಿ ಮನೆ ಕಟ್ಟಿದವರ ಗತಿಯೇನು? ಕಟ್ಟಡದ ಎತ್ತರಕ್ಕೆ ಮಿತಿ ಹಾಕಿದರೆ ಸಾಲದು, ಆ ದಿಕ್ಕಿನಲ್ಲಿ ಬಯಲು ಬಯಲಾಗಿಯೇ ಉಳಿಯಬೇಕು. ಅದಕ್ಕಾಗಿ ಜಮೀನು ಹಾಗೇ ಬಿಡಬೇಕಾದ ರೈತನಿಗೆ ನ್ಯಾಯವಾದ ಬೆಲೆಯೂ ಸಿಗಬೇಕು.

ವಿಮಾನ ಮುರಿದರೆ ಇನ್ನೊಂದು ತರಬಹುದು. ನೇರಕ್ಕೆ ನೋಡಿ ಹೊಲಕ್ಕೆ ಇಳಿಸಿದ ಪೈಲಟ್ ಮಾಡಬೇಕಾದ್ದನ್ನೇ ಮಾಡಿದ್ದಾನೆ. ಅದನ್ನು ಹಾಗೆಯೇ ಬರೆಯೋಣ. ಮುಂದೆ ತರಬೇತಿಗೆ ಬರುವ ಹುಡುಗ ಹುಡುಗಿಯರು ಹೊಲಕ್ಕೆ ಇಳಿಯಲು ನಾಚಿಕೊಂಡು ಹಿಂದಕ್ಕೆ ತಿರುಗುವಂತಾಗಬಾರದು.